ಐದು ಗಂಟೆಯ ಹಸಿವಿಗೆ ಒಂದು ಹಿಡಿ ಕಡಲೆ

ಠಾಣೆಯ ನೌಪಾಡಾದಿಂದ ಕೆಲಸಕ್ಕೆ ಹೋಗುವವರ ಡಬ್ಬಿ ತೆರೆಯುವುದು ಮಧ್ಯಾಹ್ನ ಒಂದು ಗಂಟೆಗೆ. ಮುಂಬೈನ ಫೋರ್ಟಿನಿಂದಲೋ ಕುರ್ಲಾದಿಂದಲೋ ಲೋಕಲ್ ಹಿಡಿದು ಠಾಣೆಯಲ್ಲಿ ಇಳಿಯುವಾಗ ಎಂಟು. ನಡುವೆ ಎರಡು ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರುವುದಿಲ್ಲ. ಸ್ಟೇಷನ್ನಿನ ಹೊರಗೆ ವಡೆ ಎಣ್ಣೆಗೆ ಬೀಳುವ ಸದ್ದು. ಒಂದು ವಡಾಪಾವ್ ಎಂದು ನಿಂತವರು ಎರಡು ತಿಂದು, ಮನೆಗೆ ಬಂದು ಕಳ್ಳತನ ಮಾಡಿದವರ ಮುಖ ಹೊತ್ತು "ನನಗೆ ರಾತ್ರಿ ಊಟ ಬೇಡ" ಎನ್ನುತ್ತಾರೆ. ಹನ್ನೊಂದಕ್ಕೆ ಫ್ರಿಜ್ ಬಾಗಿಲು ತೆಗೆದ ಸದ್ದು ಕೇಳುತ್ತದೆ.

ಇದನ್ನು ನಾಲಿಗೆ ಚಪಲ ಎಂದು ಬೈಯುವುದು ಸುಲಭ. ಏಳು ಗಂಟೆ ಖಾಲಿ ಇದ್ದ ಹೊಟ್ಟೆ ಇನ್ನೇನು ಕೇಳೀತು? ನಾನೂ ಒಮ್ಮೆ ತೂಕ ಇಳಿಸುವ ಪುಡಿ ಕಲಸಿ ಕುಡಿದು ಆರು ಕಿಲೋ ಇಳಿಸಿದ್ದೆ. ಒಂದೇ ವರ್ಷದಲ್ಲಿ ಏಳು ಕಿಲೋ ವಾಪಸು ಬಂತು, ಜೊತೆಗೆ ಅನ್ನ ಕಂಡರೆ ಹೆದರುವ ರೋಗ. ಆಮೇಲೆ ಕಲಿತದ್ದು ಇಷ್ಟು.

ಮೊದಲು ಟೇಪು

ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಹೆಚ್ಚು ನಿಜ ಹೇಳುತ್ತದೆ. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದರೆ ಎಚ್ಚರ ವಹಿಸಬೇಕು ಎಂದು ವೈದ್ಯರು ಹೇಳುತ್ತಾರೆ. ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ತೂಕ ನೋಡುವುದಿದ್ದರೆ ವಾರಕ್ಕೊಮ್ಮೆ, ಅದೇ ದಿನ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಹೆಚ್ಚಾದರೂ ನೀರು ನಿಂತು ಮುಳ್ಳು ಏರುತ್ತದೆ. ದಿನಾ ನೋಡಿದವರ ದಿನವೆಲ್ಲ ಆ ಮುಳ್ಳಿನ ಹಿಂದೆಯೇ ಹೋಗುತ್ತದೆ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು.

ಒಂದು ವಾರ ಏನನ್ನೂ ಬದಲಿಸಬೇಡಿ

ಕಿರಾಣಿ ಲೆಕ್ಕದ ಚೀಟಿಯಂಥದ್ದರಲ್ಲಿ ಬರೆಯಿರಿ: ಎಷ್ಟು ಗಂಟೆ, ಏನು ತಿಂದಿರಿ, ಹಸಿವಿತ್ತೇ ಅಥವಾ ಬೇಸರವೇ. ಕ್ಯಾಲರಿ ಬೇಡ. ಬಹಳ ಮನೆಗಳ ಚೀಟಿಯಲ್ಲಿ ಸಂಜೆ ಐದರಿಂದ ಒಂಬತ್ತರವರೆಗಿನ ಸಾಲುಗಳೇ ಉದ್ದ ಇರುತ್ತವೆ.

ಹಾಗಾದರೆ ಔಷಧಿಯೂ ಅಲ್ಲೇ ಬೇಕು. ಆಫೀಸಿನಿಂದ ಹೊರಡುವ ಮೊದಲು ಒಂದು ಹಿಡಿ ಹುರಿಗಡಲೆಯೋ ಸೇಂಗಾವೋ, ಒಂದು ಬಾಳೆಹಣ್ಣು. ಮನೆಯಲ್ಲಿರುವವರಿಗೆ ಒಂದು ಲೋಟ ಮಜ್ಜಿಗೆ, ಹೆಸರುಕಾಳಿನ ಉಸುಳಿ. ಹೊಟ್ಟೆ ಶಾಂತವಾಗಿ ಠಾಣೆಯಲ್ಲಿ ಇಳಿದವರು ವಡಾಪಾವಿನ ಗಾಡಿಯನ್ನು ದಾಟಿ ನಡೆಯುತ್ತಾರೆ, ದಾಟದ ದಿನ ಒಂದೇ ತಿನ್ನುತ್ತಾರೆ. ಆ ಒಂದನ್ನು ನಿಂತು, ರುಚಿ ನೋಡಿ, ಚಟ್ನಿ ಸಮೇತ ತಿನ್ನಿ. ಮನೆಗೆ ಹೋಗಿ ಊಟವನ್ನೂ ಮಾಡಿ, ಸ್ವಲ್ಪ ಕಡಿಮೆ.

ಹಸಿವನ್ನು ಒತ್ತಿ ಹಿಡಿದರೆ ಮನಸ್ಸು ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಪುರಾವೆ ಇದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧಕ್ಕೆ ಹೋಗಲೊಪ್ಪದೆ ಸ್ವಯಂಪ್ರೇರಿತರಾಗಿ ಬಂದ 36 ತರುಣರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ತೂಕ ಇಳಿಯಿತು, ನಿಜ. ಆದರೆ ಅವರ ಮಾತು, ಕನಸು ಎಲ್ಲ ಊಟದ್ದೇ ಆಯಿತು. ಅಡುಗೆ ಪುಸ್ತಕ ಓದುತ್ತ ಕೂತರು. ತಡೆ ತೆಗೆದ ಮೇಲೆ ಕೆಲವರಿಗೆ ಎಷ್ಟು ತಿಂದರೂ ತೃಪ್ತಿ ಇರಲಿಲ್ಲ. ಹನ್ನೊಂದು ಗಂಟೆಯ ಫ್ರಿಜ್ ಬಾಗಿಲಿಗೂ ಇದಕ್ಕೂ ನಂಟಿದೆ.

ತಟ್ಟೆಯಲ್ಲಿ ಅನ್ನ ಇರಲಿ

ನಮ್ಮ ಕಡೆಯ ಊಟವನ್ನು ಬಿಟ್ಟು ಓಟ್ಸ್ ಹಿಡಿಯಬೇಕಿಲ್ಲ. ವಿಜಯಪುರದವರು ಜೋಳದ ರೊಟ್ಟಿ, ಕರಾವಳಿಯವರು ಕುಚ್ಚಲಕ್ಕಿ, ಹಾಸನದವರು ಮುದ್ದೆ ಉಣ್ಣಲಿ. ಬದಲಿಸಬೇಕಾದದ್ದು ಬಡಿಸುವ ಕ್ರಮ. ಮೊದಲು ತಟ್ಟೆಯ ಅರ್ಧಕ್ಕೆ ಪಲ್ಯ, ಕೋಸಂಬರಿ. ಗಾಂವ್‌ದೇವಿ ಮಂಡಿಯಿಂದ ತಂದ ಮೆಂತ್ಯ, ಹೀರೆ, ಬದನೆ ಧಾರಾಳವಾಗಿ ಬೀಳಲಿ. ಆಮೇಲೆ ಬೇಳೆ, ಕಾಳು, ಮೀನು ಅಥವಾ ಮೊಟ್ಟೆ. ಉಳಿದ ಕಾಲುಭಾಗಕ್ಕೆ ಅನ್ನ. ತಿಳಿಸಾರಿನಲ್ಲಿ ಬೇಳೆ ಹುಡುಕಬೇಕಾದಂತಿದ್ದರೆ ಎರಡು ತಾಸಿಗೆ ಮತ್ತೆ ಹಸಿವು. ಕಾಳು ಹೆಚ್ಚಿರುವ ಗಟ್ಟಿ ಸಾರು ಹೆಚ್ಚು ಹೊತ್ತು ತಡೆಯುತ್ತದೆ.

ಎಣ್ಣೆಯನ್ನು ಒಗ್ಗರಣೆಯಲ್ಲಿ ಅಳೆಯಲು ಹೋದರೆ ಅತ್ತೆ ಸೊಸೆ ಜಗಳ. ಪ್ಯಾಕೆಟ್ ಎಣಿಸಿ. ತಲೆಗೆ ತಿಂಗಳಿಗೆ ಅರ್ಧ ಲೀಟರಿನ ಆಸುಪಾಸು, ನಾಲ್ಕು ಜನರ ಮನೆಗೆ ಎರಡು ಲೀಟರ್. ಸಕ್ಕರೆಗೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ ಸುಮಾರು 25 ಗ್ರಾಂ ಎನ್ನುತ್ತದೆ. ಎರಡೆರಡು ಚಮಚದ ನಾಲ್ಕು ಚಹಾಕ್ಕೇ 40 ಗ್ರಾಂ ಹತ್ತಿರ ಬರುತ್ತದೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ನಾಲಿಗೆಗೆ ಗೊತ್ತೇ ಆಗುವುದಿಲ್ಲ.

ಉಪವಾಸ, ಮದುವೆ, ಎರಡೇ ಹೊತ್ತು

"ಏಕಾದಶಿ, ದುಪ್ಪಟ್ ಖಾಶಿ" (ಏಕಾದಶಿಗೆ ಎರಡರಷ್ಟು ತಿನ್ನುವುದು) ಎಂದು ಮರಾಠಿಯವರು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುತ್ತಾರೆ. ಸಂಕಷ್ಟಿಯ ಸಾಬೂದಾಣೆ ಖಿಚಡಿ ಹೆಚ್ಚೂಕಡಿಮೆ ಪಿಷ್ಟ ಮತ್ತು ತುಪ್ಪ. ದೇವರಿಗಾಗಿ ಮಾಡಿ, ತೂಕದ ಲೆಕ್ಕಕ್ಕೆ ಸೇರಿಸಬೇಡಿ. ಡಾ. ಜಗನ್ನಾಥ ದೀಕ್ಷಿತರ ದಿನಕ್ಕೆ ಎರಡೇ ಊಟದ ಪದ್ಧತಿ ಮಹಾರಾಷ್ಟ್ರದಲ್ಲಿ ಮನೆಮಾತು. ಒಗ್ಗಿದವರು ಇದ್ದಾರೆ. ಆದರೆ ಮಧುಮೇಹದ ಮಾತ್ರೆಯೋ ಇನ್ಸುಲಿನ್ನೋ ಇದ್ದವರು ವೈದ್ಯರನ್ನು ಕೇಳದೆ ಹೊತ್ತಿನ ಊಟ ಬಿಟ್ಟರೆ ಸಕ್ಕರೆ ದಿಢೀರನೆ ಇಳಿದು ತಲೆ ತಿರುಗಿ ಬೀಳಬಹುದು.

ಮದುವೆಮನೆಯಲ್ಲಿ "ಸಂಕೋಚ ಬೇಡ, ಇನ್ನೊಂದು ಹೋಳಿಗೆ" ಎನ್ನುವ ಅತ್ತಿಗೆಗೆ "ಡಯಟ್" ಎಂದರೆ ಅಲ್ಲೇ ಚರ್ಚಾಕೂಟ. "ಭಾಳ ಚಲೋ ಆಗ್ಯದ ವೈನಿ, ಹೊಟ್ಟಿ ತುಂಬ್ತು" ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಸಾಕು. ಬಡಿಸುವವರಿಗೂ ಒಂದು ಮಾತು: "ದಪ್ಪ ಆಗೀಯಲ್ಲ" ಎಂದು ಹನ್ನೆರಡು ವರ್ಷದ ಹುಡುಗಿಗೆ ಹೇಳಿ, ಮರುಕ್ಷಣ ಜಿಲೇಬಿ ಬಡಿಸಬೇಡಿ. ಅವಳು ಜಿಲೇಬಿ ಮರೆತರೂ ಮಾತು ಮರೆಯುವುದಿಲ್ಲ.

ನಡಿಗೆ ತಲಾವ್ ಪಾಳಿ ಕೆರೆಯ ಸುತ್ತ ಆಗಲಿ, ಸ್ಟೇಷನ್ನಿನಿಂದ ರಿಕ್ಷಾ ಹತ್ತದೆ ಮನೆವರೆಗೆ ಆಗಲಿ, ದಿನಕ್ಕೆ ಅರ್ಧ ಗಂಟೆ. ತಿಂದದ್ದಕ್ಕೆ ದಂಡ ಕಟ್ಟಿದಂತೆ ನಡೆಯಬೇಡಿ; ಗೆಳತಿಯೊಬ್ಬಳು ಜೊತೆಗಿದ್ದರೆ ಅರ್ಧ ಗಂಟೆ ಮುಕ್ಕಾಲಾಗುತ್ತದೆ.

ಎಲ್ಲಿ ನಿಲ್ಲಿಸಬೇಕು

ತಿಂದದ್ದನ್ನು ವಾಂತಿ ಮಾಡುವುದು, ಕದ್ದು ತಿನ್ನುವುದು, ಮುಟ್ಟು ನಿಲ್ಲುವುದು, ನಾಲ್ಕು ಜನರೊಂದಿಗೆ ಉಣ್ಣಲು ಹೆದರುವುದು ಕಂಡರೆ ತೂಕ ಇಳಿಸುವುದನ್ನು ಬದಿಗಿಟ್ಟು ವೈದ್ಯರ ಬಳಿ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಬಸುರಿಯರು, ಹಾಲೂಡಿಸುವವರು, ಬೆಳೆಯುವ ಮಕ್ಕಳು ಈ ಲೇಖನದ ಲೆಕ್ಕವನ್ನು ತಮಗೆ ಹಚ್ಚಿಕೊಳ್ಳಬಾರದು. ಏನೂ ಬದಲಿಸದೆ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಹಸಿದು ಕೂರಬೇಡಿ.