ಮನೆಯ ಕೊಳ, ಊರ ಕೆರೆ

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಗುಡಗೇರಿ ಎರೆಭೂಮಿಯ ಊರು. ಹತ್ತಿ, ಮೆಣಸಿನಕಾಯಿಗಳನ್ನು ಬೆಳೆಯುವ ಇಲ್ಲಿಯ ಜನರು ಮುಗಿಲು ನೋಡಿ ಬಿತ್ತುವವರು. ನೀರಿನ ಬೆಲೆಯನ್ನು ಬಲ್ಲವರು. ಇಂಥ ಸೀಮೆಯಲ್ಲಿ ಮನೆಯ ಹಿತ್ತಿಲಲ್ಲೊಂದು ಪುಟ್ಟ ಕೊಳವಿದ್ದು, ಅದರಲ್ಲಿ ನೈದಿಲೆಯೊಂದು ಅರಳಿದರೆ ಕಣ್ಣಿಗೆ ಎಂಥ ತಂಪು!

ಕೊಳವು ದೊಡ್ಡದಾಗಿರಬೇಕೆಂದೇನೂ ಇಲ್ಲ. ಎರಡು ಅಡಿ ಆಳದ ಕಲ್ಲಿನ ತೊಟ್ಟಿಯೇ ಸಾಕು. ದಿನಕ್ಕೆ ಐದಾರು ಗಂಟೆಗಳಾದರೂ ಬಿಸಿಲು ಬೀಳಬೇಕು. ನೆರಳಿನಲ್ಲಿ ನೈದಿಲೆಯು ಚೆನ್ನಾಗಿ ಹೂ ಬಿಡದು. ಅಗಲಬಾಯಿಯ ಕುಂಡದಲ್ಲಿ ಜಿಗುಟಾದ ಮಣ್ಣನ್ನು ತುಂಬಿ, ಚಿಗುರು ಮೇಲೆ ಕಾಣುವಂತೆ ಗಡ್ಡೆಯನ್ನು ನೆಟ್ಟು, ನೀರು ಕದಡದಂತೆ ಮೇಲೆ ದಪ್ಪ ಮರಳನ್ನು ಹರಡಬೇಕು. ಮೊದಲು ಕುಂಡವನ್ನು ಇಟ್ಟಿಗೆಗಳ ಮೇಲಿರಿಸಿ, ಎಲೆಯ ತೊಟ್ಟು ನೀಳವಾದಂತೆಲ್ಲ ಕೆಳಗಿಳಿಸುತ್ತ ಹೋಗಬೇಕು. ಈ ತೊಟ್ಟಿನೊಳಗೆ ಗಾಳಿಯ ನಾಳಗಳಿವೆ. ಎಲೆಯ ಮೇಲ್ಮೈಯ ರಂಧ್ರಗಳಿಂದ ಒಳಹೊಕ್ಕ ಗಾಳಿಯು ಇವುಗಳ ಮೂಲಕ ಕೆಸರಿನೊಳಗಿನ ಗಡ್ಡೆಯನ್ನು ಮುಟ್ಟುತ್ತದೆ. ಸೊಳ್ಳೆಯ ಮರಿಗಳನ್ನು ತಿನ್ನಲು ನಾಲ್ಕಾರು ಸಣ್ಣ ಮೀನುಗಳಿರಬೇಕು. ಎಲೆಗಳು ನೀರಿನ ಅರ್ಧಭಾಗವನ್ನು ಮೀರಿ ಹರಡದಂತೆ ನೋಡಿಕೊಳ್ಳಬೇಕು. ನೀರಿನೊಳಗಿನ ಜೀವಿಗಳಿಗೂ ಬೆಳಕು ಬೇಕಷ್ಟೆ.

ಮಣ್ಣಿನ ಹಂಗಿಲ್ಲದೆ ತೇಲುವ ಗಿಡಗಳೂ ಉಂಟು. ಅಂತರಗಂಗೆ ಅಂಥದು. ಬಾಲ್ಯದಲ್ಲಿ ನಾನು ಎಲ್ಲಿಂದಲೋ ತಂದ ಅದರ ಎರಡು ಗಿಡಗಳು ಒಂದು ಮಳೆಗಾಲದಲ್ಲಿಯೇ ತೊಟ್ಟಿಯನ್ನೆಲ್ಲ ತುಂಬಿದವು. ಹೆಚ್ಚಾದುದನ್ನು ಬುಟ್ಟಿಯಲ್ಲಿ ತುಂಬಿಕೊಂಡು ಕೆರೆಯತ್ತ ನಡೆದಿದ್ದೆ. ಕೊಡ ಹೊತ್ತು ಎದುರಿಗೆ ಬಂದ ಅಜ್ಜಿಯೊಬ್ಬಳು ತಡೆದಳು: “ಅಲ್ಲಿ ಚೆಲ್ಲಬ್ಯಾಡೋ ತಮ್ಮಾ. ನಿನ್ನ ತೊಟ್ಟಿ ಕೆಟ್ರ ನೀ ತೊಳೀತಿ; ಊರ ಕೆರಿ ಕೆಟ್ರ ತೊಳ್ಯಾವ್ರು ಯಾರು?”

ಆ ಮಾತಿನ ಹುರುಳು ನನಗೆ ತಿಳಿದುದು ಎಷ್ಟೋ ವರ್ಷಗಳ ಮೇಲೆ. ದಕ್ಷಿಣ ಅಮೇರಿಕದ ವಾಟರ್ ಹಯಸಿಂತ್ ಎಂಬ ಗಿಡವು ತನ್ನ ನಸುನೇರಳೆ ಹೂವಿನ ಚೆಲುವಿನಿಂದಲೇ ದೇಶದೇಶಗಳ ಕೊಳಗಳನ್ನು ಸೇರಿತು. ಬಂಗಾಲದಲ್ಲಿ ಅದು ಜಲಮಾರ್ಗಗಳನ್ನೂ ಬತ್ತದ ಗದ್ದೆಗಳನ್ನೂ ಆವರಿಸಿದಾಗ, ಅದನ್ನು ನಿವಾರಿಸಲು 1936ರಲ್ಲಿ ಕಾನೂನನ್ನೇ ಮಾಡಬೇಕಾಯಿತು.

ನಮ್ಮ ರಾಜ್ಯದ್ದೇ ಇನ್ನೊಂದು ನಿದರ್ಶನವಿದೆ. ಬೆಂಗಳೂರಿನ ನೈದಿಲೆಯ ಕೊಳವೊಂದನ್ನು ಬ್ರೆಜಿಲ್ ಮೂಲದ ಸಾಲ್ವೀನಿಯ ಎಂಬ ತೇಲುಗಿಡವು ಮುಚ್ಚಿಬಿಟ್ಟಿತ್ತು. ಇದಕ್ಕೆ ಬೀಜವೇ ಬೇಡ. ಮುರಿದ ಒಂದು ತುಂಡೂ ಹೊಸ ಗಿಡವಾಗುತ್ತದೆ. ವಿಜ್ಞಾನಿಗಳು ಈ ಗಿಡವನ್ನಷ್ಟೇ ತಿಂದು ಬದುಕುವ ಪುಟ್ಟ ಮೂತಿಹುಳುವನ್ನು ಆಸ್ಟ್ರೇಲಿಯದಿಂದ ತರಿಸಿ, ಪರೀಕ್ಷಿಸಿ, 1983–84ರಲ್ಲಿ ಆ ಕೊಳಕ್ಕೆ ಬಿಟ್ಟರು. ಹನ್ನೊಂದು ತಿಂಗಳೊಳಗೆ ಸಾಲ್ವೀನಿಯ ಕೊಳೆತು ಕುಸಿಯಿತು. ಅದರಡಿಯಲ್ಲಿ ನಲುಗಿದ್ದ ನೈದಿಲೆ ಮತ್ತೆ ತಲೆಯೆತ್ತಿತು. ಆದರೆ ಎಲ್ಲ ಕಳೆಗೂ ಇಂಥ ಹುಳು ದೊರೆಯುವುದಿಲ್ಲ.

ಆದುದರಿಂದ ಕೊಳವನ್ನು ಮಾಡುವವನು ಒಂದು ನಿಯಮವನ್ನು ಪಾಲಿಸಬೇಕು. ಹೆಚ್ಚಾದ ನೀರುಗಿಡಗಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ತಿಪ್ಪೆಗೆ ಹಾಕಬೇಕು, ಅವು ಗೊಬ್ಬರವಾಗುತ್ತವೆ. ಹಳ್ಳಕ್ಕಾಗಲಿ ಕೆರೆಗಾಗಲಿ ಗಿಡವನ್ನಾಗಲಿ ಮೀನನ್ನಾಗಲಿ ಬಿಡಬಾರದು. ಮನೆಯ ಕೊಳದ ಚೆಲುವು ನಮ್ಮೊಬ್ಬರ ಸಂತೋಷ. ಕೆರೆಯ ನೀರು ಊರಿನ ಬಾಳು. ಮೊದಲನೆಯದನ್ನು ಬೆಳೆಸುವ ಕೈಯೇ ಎರಡನೆಯದನ್ನು ಕಾಯಲೂ ಬೇಕು.