ಮನೆಯ ತೊಲೆಯನ್ನು ಬದಲಿಸುವ ಕ್ರಮ



ಹಿರಿಯೂರು ಸೀಮೆಯ ಹಳೆಯ ಮನೆಗಳಲ್ಲಿ ಮಣ್ಣಿನ ಮಾಳಿಗೆಯುಳ್ಳವು ಅನೇಕ. ಇಲ್ಲಿ ಮಳೆಯು ಕಡಿಮೆಯಾದುದರಿಂದ ಹಿರಿಯರು ಸಮತಟ್ಟಾದ ಮಾಳಿಗೆಯನ್ನು ಮೆಚ್ಚಿದರು. ಆ ಮಣ್ಣು ಬೇಸಿಗೆಯ ತಾಪವನ್ನು ತಡೆಯುತ್ತದೆ. ಕಾಳುಕಡಿ ಒಣಗಿಸಲು ಮೇಲೆ ಸ್ಥಳವೂ ದೊರೆಯುತ್ತದೆ. ಆದರೆ ಇದರ ಭಾರವನ್ನೆಲ್ಲ ಹೊರತಕ್ಕದ್ದು ತೊಲೆ. ಅದು ಕೆಟ್ಟರೆ ಕೆಳಗೆ ಮಲಗಿದವರ ಪ್ರಾಣಕ್ಕೇ ಅಪಾಯ. ಆದಕಾರಣ ತೊಲೆಯ ಗುಣವನ್ನೂ ಅದನ್ನು ಬದಲಿಸುವ ಕ್ರಮವನ್ನೂ ವಿಚಾರಿಸೋಣ.

1. ಭಾರದ ಲೆಕ್ಕ

ಗೋಡೆಗಳ ಮೇಲಾಗಲಿ ಕಂಬದ ಬೋದಿಗೆಯ ಮೇಲಾಗಲಿ ತೊಲೆ ಕೂತಿರುತ್ತದೆ. ತೊಲೆಯ ಮೇಲೆ ಅಡ್ಡಲಾಗಿ ಜಂತೆಗಳು, ಜಂತೆಗಳ ಮೇಲೆ ಹಲಗೆಗಳು, ಎಲ್ಲಕ್ಕೂ ಮೇಲೆ ಮಣ್ಣು. 4 ಮೀಟರು ಉದ್ದ, 3 ಮೀಟರು ಅಗಲದ ಕೋಣೆಯ ಮೇಲೆ 15 ಸೆಂಟಿಮೀಟರು ದಪ್ಪ ಮಣ್ಣಿದೆಯೆಂದು ಭಾವಿಸಿರಿ. ಅದು 1.8 ಘನಮೀಟರು. ಒಣಮಣ್ಣನ್ನು ಘನಮೀಟರಿಗೆ 1,600 ಕಿಲೋಗ್ರಾಮೆಂದು ಹಿಡಿದರೆ ಒಟ್ಟು ತೂಕ 2,880 ಕಿಲೋಗ್ರಾಮು. ಅದೇ ಮಣ್ಣು ನೆನೆದು ಘನಮೀಟರಿಗೆ 1,900 ಆದರೆ 3,420 ಕಿಲೋಗ್ರಾಮು. ಉದ್ದದ ನಡುವೆ ಒಂದೇ ತೊಲೆಯಿದ್ದು, ಎರಡು ಕಡೆಯ ಜಂತೆಗಳೂ ಅದರ ಮೇಲೆ ಬಂದು ಮುಗಿದಿದ್ದರೆ, ಇದರಲ್ಲಿ ಅರ್ಧ ಭಾರ ತೊಲೆಯದು; ಮಿಕ್ಕ ಅರ್ಧ ಗೋಡೆಗಳದು.

ಅತಿವೃಷ್ಟಿಯು ನಮ್ಮ ಸೀಮೆಗೆ ಬಾರದೆಂದು ನಂಬಿ ಕೂಡ್ರಲಾಗದು. 1907ರಲ್ಲಿ ಪೂರ್ತಿಯಾದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಮೇಲೆ, 89 ವರ್ಷ ಕಳೆದು 2022ರಲ್ಲಿ ಮತ್ತೆ ಕೋಡಿ ಹರಿಯಿತು. ಕಡಿಮೆ ಮಳೆಯನ್ನು ನೆಚ್ಚಿ ಕಟ್ಟಿದ ಮಾಳಿಗೆಗೆ ಅಂಥ ವರುಷವೇ ಪರೀಕ್ಷೆ.

2. ತೊಲೆಯ ಬಲ

ಮರದ ಅಡಿಪಟ್ಟಿಯೊಂದನ್ನು ಎರಡು ಪುಸ್ತಕಗಳ ಮೇಲೆ ಮಲಗಿಸಿ ನಡುವೆ ಒತ್ತಿರಿ, ಬಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಒತ್ತಿರಿ, ಅಷ್ಟಾಗಿ ಬಾಗದು. ಇಟಲಿಯ ಗೆಲಿಲಿಯೋ 1638ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ವಿಷಯವನ್ನು ವಿಚಾರಿಸಿದ್ದಾನೆ. ತೊಲೆಯ ಅಗಲವನ್ನು ಇಮ್ಮಡಿಸಿದರೆ ಬಲವೂ ಇಮ್ಮಡಿ. ಎತ್ತರವನ್ನು ಇಮ್ಮಡಿಸಿದರೆ ಬಲವು ನಾಲ್ಕು ಮಡಿ. ಭಾರ ಬಿದ್ದಾಗ ತೊಲೆಯ ಮೇಲ್ಭಾಗವು ಅದುಮಲ್ಪಡುತ್ತದೆ, ಕೆಳಭಾಗವು ಎಳೆಯಲ್ಪಡುತ್ತದೆ. ಆದುದರಿಂದ ನಡುವಿನ ಕೆಳ ಅಂಚಿನಲ್ಲಿ ಎಂದಿಗೂ ಕಚ್ಚು ಹಾಕಬಾರದು.

3. ಕೆಟ್ಟ ತೊಲೆಯ ಗುರುತುಗಳು

ನೆಲದ ಮೇಲೆ ಹಿಟ್ಟಿನಂಥ ಪುಡಿ ಉದುರಿದ್ದರೆ ಹುಳುಗಳು ಮರವನ್ನು ಕೊರೆಯುತ್ತಿವೆ. ಗೋಡೆಯ ಮೇಲೆ ಮಣ್ಣಿನ ಗೆರೆ ಏರಿದ್ದರೆ ಗೆದ್ದಲು. ಬಡಿದರೆ ಟೊಳ್ಳು ಶಬ್ದ ಬಂದರೂ, ದಬ್ಬಳವು ಸುಲಭವಾಗಿ ಇಳಿದರೂ ಒಳಗು ಸವೆದಿದೆ. ಗೋಡೆಯೊಳಗಿನ ತುದಿಗಳನ್ನು ವಿಶೇಷವಾಗಿ ನೋಡತಕ್ಕದ್ದು. ಯಾಕಂದರೆ ಅಲ್ಲಿ ತೇವ ಹೆಚ್ಚು, ಗಾಳಿ ಕಡಿಮೆ. ಈ ಗುರುತುಗಳನ್ನು ಮೊದಲು ಕಾಣುವವಳು ದಿನವೂ ಕಸ ಗುಡಿಸುವವಳೇ. ಪುಡಿಯನ್ನು ಗುಡಿಸಿ ಸುಮ್ಮನಾಗದೆ, ತಲೆಯೆತ್ತಿ ನೋಡಿ, ಮನೆಯ ಹಿರಿಯರಿಗೆ ತಿಳಿಸುವುದು ಅವಳ ಕರ್ತವ್ಯ.

4. ಬದಲಿಸುವ ಕ್ರಮ

ಇದು ನುರಿತ ಬಡಗಿಯ ಮತ್ತು ಗಾರೆಯವನ ಕೆಲಸ. ಸಂದೇಹವಿದ್ದಲ್ಲಿ ಇಂಜಿನಿಯರರ ಸಲಹೆ ಬೇಕು. ಆದರೂ ಕ್ರಮ ತಪ್ಪುತ್ತಿದೆಯೋ ಎಂಬುದನ್ನು ಮನೆಯವರು ತಿಳಿದಿರತಕ್ಕದ್ದು.

ಮೊದಲು ಮನೆಯವರೆಲ್ಲ ಹೊರಗಿರಲಿ. ಮಾಳಿಗೆಯ ಮಣ್ಣನ್ನು ಎರಡು ಕಡೆಯಿಂದಲೂ ಸಮವಾಗಿ ತೆಗೆದು ಕೆಳಗಿಳಿಸಬೇಕು. ಮೇಲೆಯೇ ಒಂದು ಕಡೆ ಗುಡ್ಡೆ ಹಾಕಬಾರದು. ಅನಂತರ ಹಳೆಯ ತೊಲೆಯ ಎರಡು ಪಕ್ಕಗಳಲ್ಲಿಯೂ ಜಂತೆಗಳ ಕೆಳಗೆ ಅಡ್ಡಮರ ಕೊಟ್ಟು, ಆಸರೆಗಂಬಗಳನ್ನು ನಿಲ್ಲಿಸಬೇಕು. ಕಂಬಗಳು ನೆಲದಲ್ಲಿ ಹೂಳದಂತೆ ಬುಡಕ್ಕೆ ಹಲಗೆಯಿರಲಿ. ಬೆಣೆಗಳನ್ನು ಮೆಲ್ಲನೆ ಬಡಿದು, ಜಂತೆಗಳ ಭಾರವು ಆಸರೆಯ ಮೇಲೆ ಬಂದುದನ್ನು ಕಂಡ ಬಳಿಕವೇ ಹಳೆಯ ತೊಲೆಯನ್ನು ಬಿಡಿಸತಕ್ಕದ್ದು. ಈ ಪಾಠದ ಸಾರವೆಲ್ಲ ಇಷ್ಟೇ: ಬೇರೊಂದು ಆಧಾರವು ಭಾರ ಹೊರುವ ತನಕ ಇದ್ದ ಆಧಾರವನ್ನು ಮುಟ್ಟಬಾರದು.

ಹೊಸ ಮರವು ಚೆನ್ನಾಗಿ ಒಣಗಿರಬೇಕು. ನಡುವೆ ದೊಡ್ಡ ಗಂಟಿರಬಾರದು. ಸ್ವಲ್ಪ ಬಾಗಿದ್ದರೆ ಉಬ್ಬು ಮೇಲ್ಮುಖವಾಗಿರಲಿ. ಮಣ್ಣಿನ ಗೋಡೆ ಕುಸಿಯದಂತೆ ತುದಿಗಳ ಕೆಳಗೆ ಚಪ್ಪಡಿಕಲ್ಲನ್ನಿಟ್ಟು, ಸುತ್ತಲೂ ಗಾಳಿಯಾಡಲು ಸ್ವಲ್ಪ ಎಡೆ ಬಿಡಬೇಕು. ಜಂತೆಗಳೆಲ್ಲ ಹೊಸ ತೊಲೆಗೆ ತಾಕಿದ ಮೇಲೆ ಆಸರೆಯ ಬೆಣೆಗಳನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಕಡೆಯಲ್ಲಿ ಮಣ್ಣನ್ನು ಸಮವಾಗಿ ಹರಡಿ, ನೀರು ನಿಲ್ಲದಂತೆ ಇಳಿಜಾರು ಮಾಡಬೇಕು.

ಸತ್ಯವೇದದ ಪ್ರಸಂಗಿಯ ಗ್ರಂಥದ 10ನೆಯ ಅಧ್ಯಾಯವು ಮಾಳಿಗೆ ಕುಗ್ಗುವುದಕ್ಕೆ ಸೋಮಾರಿತನವೇ ಕಾರಣವೆಂದು ಎಚ್ಚರಿಸುತ್ತದೆ. ಆದರೆ ಎಲ್ಲ ಮನೆಗಳಲ್ಲಿಯೂ ತಡವಾಗುವುದು ಸೋಮಾರಿತನದಿಂದಲ್ಲ, ಬಡತನದಿಂದಲೂ ತಡವಾಗುತ್ತದೆ. ಹೊಸ ತೊಲೆಗೆ ಹಣ ಕೂಡುವ ತನಕ ಬಲ್ಲವರಿಂದ ಆಸರೆಗಂಬವನ್ನು ಇಂದೇ ಕೊಡಿಸಬಹುದು. ಆ ಕೋಣೆಯಲ್ಲಿ ಮಕ್ಕಳನ್ನು ಮಲಗಿಸದಿರಬಹುದು. ನೆರೆಯಲ್ಲಿ ಅಂಥ ಮನೆಯಿದ್ದರೆ ಮಳೆಗಾಲಕ್ಕೆ ಮುಂಚೆ ಹೋಗಿ ನೋಡಿರಿ. ಕಲಿತ ಗಣಿತವೂ ವಿಜ್ಞಾನವೂ ನೆರೆಯವರ ಪ್ರಾಣ ಕಾಯಲು ಬಂದರೆ ವಿದ್ಯೆಯು ಸಾರ್ಥಕವಾಗುವದು.