ಬೇಟೆಗಾರ ಮೀನುಗಳಿಗೆ ಉಪ್ಪುನೀರಿನ ಗಾಜಿನ ತೊಟ್ಟಿ

ಅಲಂಕಾರಿಕ ಮೀನು ಸಾಕಣೆಯನ್ನು ಉಪಕಸುಬಾಗಿ ಕೈಗೊಂಡವರಿಗೆ ಗಪ್ಪಿ, ಮೋಲಿ, ಗೋಲ್ಡ್‌ಫಿಶ್‌ಗಳ ಜೊತೆಗೆ ಸಮುದ್ರ ಮೀನಿನ ತೊಟ್ಟಿ ಕಟ್ಟಿಕೊಡಬೇಕೆಂಬ ಬೇಡಿಕೆಯೂ ಬರುವುದುಂಟು. ಇವುಗಳಲ್ಲಿ ನೋಡುವವರನ್ನು ಹೆಚ್ಚು ಸೆಳೆಯುವುದು ಸಿಂಹಮೀನು, ಹಾವುಮೀನುಗಳಂತಹ ಬೇಟೆಗಾರ ಜಾತಿಗಳು. ಹವಳ, ಸಿಗಡಿ, ಏಡಿಗಳಿಲ್ಲದೆ ಮೀನುಗಳನ್ನು ಮಾತ್ರ ಸಾಕುವ ತೊಟ್ಟಿ ಇವುಗಳಿಗೆ ಸೂಕ್ತ. ಸಿಗಡಿ, ಏಡಿಗಳು ಇವುಗಳ ಆಹಾರವೇ ಆಗಿವೆ. ಹವಳಗಳಾದರೋ ಹೆಚ್ಚು ಮಾಂಸಾಹಾರ ಬೀಳುವ ನೀರಿನಲ್ಲಿ ಬಾಳಲಾರವು. ಅಲ್ಲದೆ 2001ರಿಂದ ಹವಳ, ಕಡಲಕುದುರೆ ಮತ್ತು ದೈತ್ಯ ಮುರುಮೀನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿವೆ. ನೇತ್ರಾಣಿ ದ್ವೀಪದ ಸುತ್ತ ಇರುವ ಹವಳದ ಕಲ್ಲನ್ನು ಅಲಂಕಾರಕ್ಕೆಂದು ತರುವುದು ಅಪರಾಧ. ತೊಟ್ಟಿಯೊಳಗೆ ಗುಹೆ ಕಟ್ಟಲು ಚೆನ್ನಾಗಿ ತೊಳೆದ ಕಗ್ಗಲ್ಲು ಸಾಕು.

ಮೊದಲು ಮೀನು, ಆಮೇಲೆ ತೊಟ್ಟಿ

ಸಾಮಾನ್ಯವಾಗಿ ಜನರು ತೊಟ್ಟಿಯನ್ನು ಕೊಂಡು, ಅದರಲ್ಲಿ ಹಿಡಿಸುವಷ್ಟು ಮೀನು ತರುತ್ತಾರೆ. ಬೇಟೆಗಾರ ಮೀನುಗಳ ವಿಷಯದಲ್ಲಿ ಈ ಕ್ರಮ ಸಲ್ಲದು. ಅಂಗಡಿಯಲ್ಲಿ ಬೆರಳುದ್ದವಿರುವ, ಬಿಳಿ ಮೈಮೇಲೆ ಕಪ್ಪು ಚುಕ್ಕೆಯ ಮುರುಮೀನಿನ ಮರಿ 70 ಸೆಂ.ಮೀ.ವರೆಗೆ ಬೆಳೆಯುವ ಜಾತಿ. ಅದನ್ನು ಮನೆಯ ತೊಟ್ಟಿಗೆ ತರಲೇಬಾರದು. ದೊಡ್ಡ ಸಿಂಹಮೀನು 35 ಸೆಂ.ಮೀ. ಮುಟ್ಟುತ್ತದೆ. ಕುಬ್ಜ ಸಿಂಹಮೀನು 17–18 ಸೆಂ.ಮೀ.ಗೆ ನಿಲ್ಲುತ್ತದೆ. ಹಿಮಚುಕ್ಕೆಯ ಹಾವುಮೀನು ತೊಟ್ಟಿಗಳಲ್ಲಿ ಸುಮಾರು 60–70 ಸೆಂ.ಮೀ. ಉದ್ದವಾಗುತ್ತದೆ. ಹೀಗೆ ಪೂರ್ಣ ಬೆಳೆದ ಅಳತೆಯನ್ನು ಕಾಗದದ ಮೇಲೆ ಬರೆದುಕೊಂಡು ತೊಟ್ಟಿಯನ್ನು ನಿರ್ಧರಿಸಬೇಕು. ತೆಂಗಿನ ಸಸಿ ನೆಡುವಾಗ ಸಸಿಯ ಗಾತ್ರ ನೋಡಿ ಯಾರೂ ಅಂತರ ಕೊಡುವುದಿಲ್ಲವಷ್ಟೆ. ಜೊತೆ ಮೀನುಗಳ ಆಯ್ಕೆಗೆ ಒಂದೇ ನಿಯಮ: ಒಂದರ ಬಾಯಿಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಇನ್ನೊಂದನ್ನು ಬಿಡಕೂಡದು.

ಒಂದು ದೊಡ್ಡ ಸಿಂಹಮೀನು ಮತ್ತು ಒಂದು ಹಾವುಮೀನಿಗೆ 150 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ತೊಟ್ಟಿ ಯೋಗ್ಯ. ಮೇಲೆ 5 ಸೆಂ.ಮೀ. ಬಿಟ್ಟು ತುಂಬಿದರೆ ಸುಮಾರು 500 ಲೀಟರು ನೀರು ಹಿಡಿಯುತ್ತದೆ. ಗಾಜು, ಕಲ್ಲು ಸೇರಿ ಭಾರ 700 ಕಿ.ಗ್ರಾಂ. ಸಮೀಪಿಸುತ್ತದೆ, ಎಂದರೆ ಒಂದು ಮೇಜಿನ ಮೇಲೆ ಹದಿನಾಲ್ಕು ಮೂಟೆ ಸಿಮೆಂಟು ಇಟ್ಟಂತೆ. ಆದುದರಿಂದ ನೆಲಮಹಡಿಯಲ್ಲಿ ಕಬ್ಬಿಣದ ಕಟ್ಟಿನ ಮೇಲೆ ಇಡುವುದು ಕ್ಷೇಮ. ಮುಚ್ಚಳದಲ್ಲಿ ಬೆರಳು ತೂರುವಷ್ಟು ಸಂದಿ ಇದ್ದರೂ ಹಾವುಮೀನು ರಾತ್ರಿ ಹೊರಬಿದ್ದು ಒಣಗಿ ಸಾಯುತ್ತದೆ. ಕೊಳವೆ ಹಾದುಹೋಗುವ ರಂಧ್ರಗಳಿಗೂ ಬಲೆ ಬಿಗಿಯಬೇಕು.

ಸಾರಜನಕದ ಲೆಕ್ಕ

ತೊಟ್ಟಿಯ ಏಳುಬೀಳು ನಿಂತಿರುವುದು ಇದರ ಮೇಲೆ. ಮೇವಿನ ವಿಶ್ಲೇಷಣೆಯಲ್ಲಿ ಪ್ರೋಟೀನನ್ನು 6.25ರಿಂದ ಭಾಗಿಸಿದರೆ ಸಾರಜನಕ ಸಿಗುತ್ತದೆಂಬುದು ವಿಸ್ತರಣಾ ಕಾರ್ಯಕರ್ತರಿಗೆ ತಿಳಿದದ್ದೇ. ಈ ಎರಡು ಮೀನುಗಳಿಗೆ ಒಂದು ಹೊತ್ತಿಗೆ 20 ಗ್ರಾಂ ಮೀನಿನ ಮಾಂಸ ಹಾಕಲಾಯಿತೆನ್ನೋಣ. ಅದರಲ್ಲಿ ಸುಮಾರು 4 ಗ್ರಾಂ ಪ್ರೋಟೀನು, ಅಂದರೆ 0.64 ಗ್ರಾಂ ಸಾರಜನಕ ಇರುತ್ತದೆ. ಇದರ ಅರ್ಧದಷ್ಟು ಕಿವಿರುಗಳ ಮೂಲಕ ಅಮೋನಿಯವಾಗಿ ಹೊರಬಿದ್ದರೂ 500 ಲೀಟರಿನಲ್ಲಿ ಲೀಟರಿಗೆ 0.6 ಮಿ.ಗ್ರಾಂ. ಸೇರಿದಂತಾಯಿತು. ಅಂಕಿ ಚಿಕ್ಕದು, ಆದರೆ ಸಮುದ್ರದ ನೀರಿನ ರಸಸಾರ 8.0ರಿಂದ 8.4. ಕ್ಷಾರ ಮಣ್ಣಿಗೆ ಎರಚಿದ ಯೂರಿಯದಿಂದ ಅಮೋನಿಯ ಹಾರಿಹೋಗಲು ಯಾವ ಕಾರಣವೋ ಇಲ್ಲಿಯೂ ಅದೇ ಕಾರಣ: ರಸಸಾರ ಏರಿದಷ್ಟೂ ಅಮೋನಿಯದ ವಿಷರೂಪದ ಪಾಲು ಹೆಚ್ಚು. ಒಂದೇ ಊಟದ ಅಮೋನಿಯ ಹಾಗೆಯೇ ಉಳಿದರೆ ಕಿವಿರುಗಳಿಗೆ ಹಾನಿ ತೊಡಗುವ ಮಟ್ಟ ಬಂದುಬಿಡುತ್ತದೆ.

ಅದನ್ನು ಉಳಿಯಗೊಡದವು ಹೊಲದ ಮಣ್ಣಿನಲ್ಲಿ ಕೆಲಸ ಮಾಡುವ ಬಗೆಯ ಸೂಕ್ಷ್ಮಜೀವಿಗಳೇ. ಒಂದು ಗುಂಪು ಅಮೋನಿಯವನ್ನು ನೈಟ್ರೈಟಾಗಿ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಎರಡನೆಯ ಕೆಲಸ ನೈಟ್ರೊಬ್ಯಾಕ್ಟರಿನದೆಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ಮೀನಿನ ತೊಟ್ಟಿಗಳಲ್ಲಿ ಬಹುಮಟ್ಟಿಗೆ ನೈಟ್ರೊಸ್ಪೈರ ಅದನ್ನು ಮಾಡುತ್ತದೆಂದು ಈಗ ತಿಳಿದಿದೆ. ಹೆಸರು ಏನಿದ್ದರೂ ಇವು ನಿಧಾನವಾಗಿ ವೃದ್ಧಿಯಾಗುತ್ತವೆ. ಆದುದರಿಂದ ಮೀನು ಬಿಡುವ ಮುನ್ನ ನಾಲ್ಕರಿಂದ ಆರು ವಾರ ತೊಟ್ಟಿಯನ್ನು ಹದಗೊಳಿಸಬೇಕು. 500 ಲೀಟರಿಗೆ 3.8 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್ ಕರಗಿಸಿದರೆ ಲೀಟರಿಗೆ 2 ಮಿ.ಗ್ರಾಂ. ಸಾರಜನಕ ದೊರೆಯುತ್ತದೆ. ಗೊಬ್ಬರದ ಚೀಲದಿಂದ ತೆಗೆದು ಹಾಕಬಾರದು, ಅದರಲ್ಲಿ ಬೇರೆ ಬೆರಕೆಗಳಿರುತ್ತವೆ. ಪರೀಕ್ಷಾ ಕಿಟ್ಟಿನಿಂದ ದಿನ ಬಿಟ್ಟು ದಿನ ನೋಡುತ್ತಿದ್ದು, ಅಮೋನಿಯ ಇಳಿದಾಗ ಮತ್ತೆ ಅಷ್ಟೇ ಹಾಕಬೇಕು. ಹಾಕಿದ ಮರುದಿನ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದರೆ ತೊಟ್ಟಿ ಸಿದ್ಧವಾಯಿತೆಂದು ತಿಳಿಯಬೇಕು. ಆಮೇಲೆ ಅರ್ಧ ನೀರು ಬದಲಿಸಿ ಮೊದಲನೆಯ ಮೀನನ್ನು ಬಿಡಬಹುದು. ಖಾಲಿ ತೊಟ್ಟಿಯನ್ನು ಆರು ವಾರ ನೋಡುತ್ತ ಕೂರಲು ಗಿರಾಕಿ ಒಪ್ಪುವುದು ಕಷ್ಟ. ಒಪ್ಪದಿದ್ದರೆ ಆ ಕೆಲಸವನ್ನೇ ಬಿಡುವುದು ಮೇಲು.

ಕೊನೆಗೆ ಉಳಿಯುವುದು ನೈಟ್ರೇಟ್. ವಾರಕ್ಕೆ ಮೂರು ಹೊತ್ತು ಮೇಲಿನಂತೆ ಆಹಾರ ಕೊಟ್ಟರೆ ಲೀಟರಿಗೆ 8–9 ಮಿ.ಗ್ರಾಂ.ನಷ್ಟು ನೈಟ್ರೇಟ್ ವಾರವಾರವೂ ಕೂಡುತ್ತದೆ. ವಾರಕ್ಕೆ ಐದನೆಯ ಒಂದು ಭಾಗ ನೀರು ಬದಲಿಸುತ್ತಿದ್ದರೆ ಅದು 40ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹವಳಕ್ಕೆ ಇದು ಹೆಚ್ಚು, ಈ ಮೀನುಗಳಿಗೆ ಅಡ್ಡಿಯಿಲ್ಲ. ಗಾಳಿಗುಳ್ಳೆಗಳಿಂದ ನೊರೆ ಎಬ್ಬಿಸಿ ಕಶ್ಮಲ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಜೋಡಿಸಿದರೆ ಹೊರೆ ಇನ್ನೂ ತಗ್ಗುತ್ತದೆ.

ನೀರು

ಅಡಿಗೆ ಉಪ್ಪಿನಿಂದ ಸಮುದ್ರದ ನೀರಾಗುವುದಿಲ್ಲ. ಕಡಲ ಲವಣಾಂಶದಲ್ಲಿ ಸೋಡಿಯಂ, ಕ್ಲೋರೈಡುಗಳ ಪಾಲು ಶೇಕಡ 85ರಷ್ಟು. ಉಳಿದ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಲ್ಫೇಟು ಮುಂತಾದವೂ ಮೀನಿಗೆ ಬೇಕು. ಸಿದ್ಧ ಮಿಶ್ರಣವಾದರೆ ಲೀಟರಿಗೆ ಸುಮಾರು 35 ಗ್ರಾಂ, ಅಂದರೆ ಮೊದಲ ಸಲ ಹದಿನೇಳೂವರೆ ಕಿಲೊ, ಬಳಿಕ ವಾರಕ್ಕೆ ಮೂರೂವರೆ ಕಿಲೊ ಬೇಕಾಗುತ್ತದೆ. ತೊಟ್ಟಿಯ ಬೆಲೆಗಿಂತ ಈ ಖರ್ಚನ್ನು ಗಿರಾಕಿಗೆ ಮೊದಲು ತಿಳಿಸಬೇಕು. ಕರಾವಳಿಯವರು ಕಡಲಿನ ನೀರನ್ನೇ ತಂದು ಸೋಸಿ ಬಳಸಬಹುದು. ಆದರೆ ನದೀಮುಖದ ಬಳಿ, ಅದರಲ್ಲೂ ಮಳೆಗಾಲದಲ್ಲಿ, ತುಂಬಬಾರದು. ಆಗ ನೀರಿನ ಉಪ್ಪು ಬಹಳ ಇಳಿದಿರುತ್ತದೆ. ಮಿಶ್ರಣ ಕಲಸಲು ಗೊಬ್ಬರ ಹಾಕಿದ ಹೊಲಗಳ ನಡುವಿನ ಬಾವಿ ನೀರು ಬೇಡ, ನೈಟ್ರೇಟ್ ಮೊದಲೇ ಸೇರಿರಬಹುದು. ಆರ್.ಒ. ಘಟಕದ ನೀರು ಒಳ್ಳೆಯದು. ಹೈಡ್ರೋಮೀಟರಿನಲ್ಲಿ 1.020ರಿಂದ 1.025 ತೋರಬೇಕು. ಆವಿಯಾಗಿ ಇಳಿದ ನೀರಿಗೆ ಸಿಹಿನೀರನ್ನೇ ತುಂಬಬೇಕು, ಏಕೆಂದರೆ ಉಪ್ಪು ಆವಿಯಾಗಿ ಹೋಗುವುದಿಲ್ಲ.

ನೀರಿನ ಶಾಖ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ನೀರಿನ ಮೇಲೆ ಬೀಸುವ ಸಣ್ಣ ಪಂಖ ಎರಡು ಮೂರು ಡಿಗ್ರಿ ಇಳಿಸಬಲ್ಲುದು. ವಿದ್ಯುತ್ತು ನಿಂತಾಗ ಮೀನಿಗೂ ಶೋಧಕದ ಸೂಕ್ಷ್ಮಜೀವಿಗಳಿಗೂ ಒಟ್ಟಿಗೆ ಆಮ್ಲಜನಕದ ಕೊರತೆಯುಂಟಾಗುತ್ತದೆ. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಅವಶ್ಯ.

ಆಹಾರ ಮತ್ತು ರೋಗ

ಸಿಗಡಿ, ಬೊಂಡಾಸ್ ಮತ್ತು ಬಿಳಿ ಮಾಂಸದ ಕಡಲ ಮೀನಿನ ಚೂರುಗಳನ್ನು ಬದಲಿಸುತ್ತ ವಾರಕ್ಕೆ ಎರಡು ಮೂರು ಸಲ ಕೊಟ್ಟರೆ ಸಾಕು. ಹೊಸ ಸಿಂಹಮೀನು ಸತ್ತ ಆಹಾರವನ್ನು ಮುಟ್ಟದಿದ್ದರೆ ಕಡ್ಡಿಯ ತುದಿಗೆ ಸಿಕ್ಕಿಸಿ ಆಡಿಸಬೇಕು. ಜೀವಂತ ಗೋಲ್ಡ್‌ಫಿಶ್ ಹಾಕುವ ಚಾಳಿ ಕೆಟ್ಟದ್ದು. ಅದರಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ-1 ಜೀವಸತ್ವವನ್ನು ನಾಶಮಾಡುತ್ತದೆ.

ಹೊಸ ಮೀನನ್ನು ಒಂದು ತಿಂಗಳು ಬೇರೆ ತೊಟ್ಟಿಯಲ್ಲಿಡಬೇಕು. ಬಿಳಿ ಚುಕ್ಕೆ ರೋಗಕ್ಕೆ ತಾಮ್ರವೇ ಮದ್ದು, ಅದೂ ಆ ಬೇರೆ ತೊಟ್ಟಿಯಲ್ಲೇ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತವನ್ನು ಕಿಲೊಗಟ್ಟಲೆ ತೂಗಿದ ಕೈ ಇಲ್ಲಿ ಹೆಚ್ಚು ಎಚ್ಚರವಿರಬೇಕು. ಲೀಟರಿಗೆ 0.2 ಮಿ.ಗ್ರಾಂ. ತಾಮ್ರ ಬರಬೇಕಾದರೆ 100 ಲೀಟರಿಗೆ ಬೇಕಾದ ಮೈಲುತುತ್ತ ಕೇವಲ 80 ಮಿ.ಗ್ರಾಂ. ಇದನ್ನು ಚಿಟಿಕೆಯಲ್ಲಿ ಅಳೆಯಲಾಗದು. ಒಂದು ಲೀಟರು ನೀರಿಗೆ 8 ಗ್ರಾಂ ಕರಗಿಸಿಟ್ಟುಕೊಂಡು ಅದರಿಂದ 10 ಮಿ.ಲೀ. ಹಾಕಿ, ತಾಮ್ರ ಪರೀಕ್ಷೆಯ ಕಿಟ್ಟಿನಲ್ಲಿ ನೋಡಬೇಕು. ಹಾವುಮೀನಿಗೆ ತಾಮ್ರ ಒಗ್ಗದು.

ಬೆಳೆದು ಹೆಚ್ಚಾದ ಮೀನನ್ನು ಮಾರಿದವರಿಗೇ ಹಿಂತಿರುಗಿಸಬೇಕೇ ಹೊರತು ಕಡಲಿಗೆ ಬಿಡಬಾರದು. ನಮ್ಮ ಸಾಗರದಲ್ಲಿ ಸಹಜವಾಗಿರುವ ಸಿಂಹಮೀನುಗಳು ಅಟ್ಲಾಂಟಿಕ್ ಕಡಲಿನವಲ್ಲ. ತೊಟ್ಟಿಗಳಿಂದ ಹೊರಬಿದ್ದು 1985ರಲ್ಲಿ ಅಮೆರಿಕದ ಫ್ಲೋರಿಡ ಕರಾವಳಿಯಲ್ಲಿ ಮೊದಲು ಕಂಡ ಅವು ಇಂದು ಕೆರಿಬಿಯನ್ ಕಡಲಿನಾದ್ಯಂತ ಸ್ಥಳೀಯ ಮೀನಿನ ಮರಿಗಳನ್ನು ಕಬಳಿಸುತ್ತಿವೆ.

ಸಿಂಹಮೀನಿನ ಬೆನ್ನಿನ 13 ಮುಳ್ಳುಗಳೂ ಹೊಟ್ಟೆಯ ಕಡೆಯ 5 ಮುಳ್ಳುಗಳೂ ವಿಷಯುಕ್ತ. ತೊಟ್ಟಿಯಲ್ಲಿ ಕೈ ಆಡಿಸುವಾಗ ಮೀನು ಎಲ್ಲಿದೆಯೆಂದು ಇನ್ನೊಬ್ಬರು ನೋಡುತ್ತಿರಬೇಕು. ಚುಚ್ಚಿದರೆ ತಡೆಯಬಹುದಾದಷ್ಟು ಬಿಸಿಯ, ಸುಮಾರು 45 ಡಿಗ್ರಿಯ ನೀರಿನಲ್ಲಿ ಗಾಯವನ್ನು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಟ್ಟು ವೈದ್ಯರ ಬಳಿ ಹೋಗಬೇಕು. ಚುಚ್ಚಿಸಿಕೊಂಡವರಿಗೆ ಬಿಸಿ ಅಷ್ಟಾಗಿ ತಿಳಿಯದಿರಬಹುದು. ನೀರಿನ ಹದವನ್ನು ಗಾಯವಿಲ್ಲದ ಕೈಯಿಂದ ನೋಡಬೇಕು.